ಮದ್ದಿಲ್ಲದ ಸೂಜಿ ಕುತ್ತಿಗೆಗೆ ಬಂದ ಕತೆ

ಉಪ್ಪುಂದಕ್ಕೆ ಕುತ್ತಿಗೆ ನೋವು ಹೊಸದಲ್ಲ. ತಲೆ ಮೇಲೆ ಮೀನಿನ ಬುಟ್ಟಿ ಹೊತ್ತು ಮನೆಮನೆ ತಿರುಗಿದ ಹೆಂಗಸರು, ಬಲೆ ಎಳೆದವರು, ರಾತ್ರಿಯಿಡೀ ಕಿರೀಟ ಹೊತ್ತು ಕುಣಿದ ವೇಷಧಾರಿಗಳು, ಎಲ್ಲರಿಗೂ ಅದರ ಪರಿಚಯ ಉಂಟು. "ಕುತ್ಗಿ ಹಿಡ್ಕಂಡಿತ್ತ್" ಅಂದರೆ ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯುವುದು ನಮ್ಮ ಕಡೆಯ ಕ್ರಮ. ಈಗ ಫಿಸಿಯೋಥೆರಪಿಗೆ ಹೋದ ಕೆಲವರಿಗೆ ಸೂಜಿಯನ್ನೂ ಚುಚ್ಚುತ್ತಾರೆ. ಅದರಲ್ಲಿ ಮದ್ದೇ ಇರುವುದಿಲ್ಲ. ಹೆಸರು ಡ್ರೈ ನೀಡ್ಲಿಂಗ್, ಅಂದರೆ ಒಣ ಸೂಜಿ.

ಇದು ಚೀನಾದ ಅಕ್ಯುಪಂಕ್ಚರ್ ಅಲ್ಲವೇ ಎಂದು ಕೇಳುವವರಿದ್ದಾರೆ. ಸೂಜಿ ಅದೇ ಬಗೆಯದು, ದಾರಿ ಬೇರೆ. ಅಕ್ಯುಪಂಕ್ಚರ್ ನಮ್ಮ ದೇಶಕ್ಕೆ ಬಂದದ್ದು 1959ರಲ್ಲಿ, ಕೋಲ್ಕತ್ತದ ಡಾ. ಬಿಜಯ್ ಕುಮಾರ್ ಬಸು ಮೂಲಕ. ಸೊಲ್ಲಾಪುರದ ಡಾ. ಕೋಟ್ನಿಸ್ ಜೊತೆ 1938ರಲ್ಲಿ ಚೀನಾಕ್ಕೆ ಹೋದ ಐವರು ವೈದ್ಯರಲ್ಲಿ ಅವರೂ ಒಬ್ಬರು.

ಒಣ ಸೂಜಿಯ ಕತೆ ಶುರುವಾಗುವುದೂ 1938ರಲ್ಲೇ, ಆದರೆ ಲಂಡನ್ನಿನಲ್ಲಿ. ಜಾನ್ ಕೆಲ್‌ಗ್ರೆನ್ ಎಂಬ ವೈದ್ಯ ಸ್ನಾಯುವಿಗೆ ಉಪ್ಪುನೀರು ಚುಚ್ಚಿ ನೋಡಿದ. ಚುಚ್ಚಿದ್ದು ಒಂದು ಕಡೆ, ನೋವು ಕಂಡದ್ದು ಇನ್ನೊಂದು ಕಡೆ! ಹೆಗಲಿನ ಗಂಟು ಒತ್ತಿದರೆ ನೋವು ಕುತ್ತಿಗೆ ಹತ್ತಿ ಕಣತಲೆಗೆ ಹೋಗುವುದೂ ಹೀಗೆಯೇ. ಅಮೆರಿಕದ ಡಾ. ಜಾನೆಟ್ ಟ್ರಾವೆಲ್ ಅಂಥ ಗಂಟುಗಳನ್ನು ಟ್ರಿಗರ್ ಪಾಯಿಂಟ್ ಎಂದು ಕರೆದು, ಮರಗಟ್ಟಿಸುವ ಮದ್ದು ಚುಚ್ಚಿ ವಾಸಿ ಮಾಡುತ್ತಿದ್ದರು. ಅಧ್ಯಕ್ಷ ಕೆನಡಿಯ ಬೆನ್ನುನೋವಿಗೂ ಚಿಕಿತ್ಸೆ ಕೊಟ್ಟವರು ಅವರೇ.

ಹಾಗಾದರೆ ಗುಣ ಮಾಡಿದ್ದು ಮದ್ದೋ, ಸೂಜಿಯೋ? ಈ ಪ್ರಶ್ನೆ ಹಿಡಿದವರು ಜೆಕ್ ದೇಶದ ಡಾ. ಕಾರೆಲ್ ಲೆವಿಟ್. 241 ರೋಗಿಗಳ 312 ನೋವಿನ ಜಾಗಗಳಿಗೆ ಬರೀ ಸೂಜಿ ಹಾಕಿ 1979ರಲ್ಲಿ ಫಲಿತಾಂಶ ಪ್ರಕಟಿಸಿದರು. ಸರಿಯಾದ ಬಿಂದುವಿಗೇ ತಾಗಿದರೆ, ನೂರರಲ್ಲಿ ಸುಮಾರು 87 ಕಡೆ ನೋವು ಅಲ್ಲೇ ಇಳಿದಿತ್ತು. ಈ ಸಂಖ್ಯೆಯನ್ನು ಇವತ್ತಿಗೂ ಜಾಹೀರಾತಿನಂತೆ ಹೇಳುತ್ತಾರೆ. ಅದರ ಮುಂದಿನ ಸಾಲು ಯಾರೂ ಹೇಳುವುದಿಲ್ಲ: ನಂತರ ಗಮನಿಸಿದ 288 ಜಾಗಗಳಲ್ಲಿ ಶಾಶ್ವತ ಆರಾಮ ಸಿಕ್ಕಿದ್ದು 92ಕ್ಕೆ. 58ಕ್ಕೆ ಕೆಲವು ತಿಂಗಳು, 63ಕ್ಕೆ ಕೆಲವು ವಾರ, 32ಕ್ಕೆ ಬರೀ ಕೆಲವು ದಿನ. ಸೂಜಿ ಹಾಕದವರ ಜೊತೆ ಹೋಲಿಸಿಯೂ ನೋಡಿರಲಿಲ್ಲ. ಆಮೇಲಿನ ಅಧ್ಯಯನಗಳೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತವೆ, ಸ್ವಲ್ಪ ಕಾಲ ಆರಾಮ. ಹಾಗಾಗಿ ಸೂಜಿಯ ಜೊತೆ ವ್ಯಾಯಾಮವನ್ನೂ ಹೇಳಿಕೊಡದವರಿಗೆ ದುಡ್ಡು ಸುರಿಯುವುದು ನನಗೆ ಸರಿ ಕಾಣುವುದಿಲ್ಲ.

ಇನ್ನೊಂದು ವಿಷಯ. ಹೆಗಲಿನ ಸ್ನಾಯುವಿನ ಅಡಿಗೇ ಶ್ವಾಸಕೋಶದ ತುದಿ ಇದೆ. ಕೈ ತಪ್ಪಿದರೆ ಅದಕ್ಕೆ ತೂತಾಗುತ್ತದೆ. ಅಪರೂಪ, ಆದರೆ ಆದದ್ದುಂಟು. ಚುಚ್ಚುವವರು ಎಲ್ಲಿ ಕಲಿತರು ಎಂದು ಕೇಳಿ, ಹೊಸ ಸೂಜಿಯ ಪ್ಯಾಕೆಟ್ ನಿಮ್ಮೆದುರೇ ಒಡೆಯಲು ಹೇಳಿ. ಆಮೇಲೆ ಎದೆನೋವು ಬಂದರೆ, ಉಸಿರು ಕಟ್ಟಿದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಕುತ್ತಿಗೆ ನೋವಿನ ಜೊತೆ ಕೈ ಜೋಮು ಹಿಡಿಯುತ್ತಿದ್ದರೆ, ಹಿಡಿದದ್ದು ಕೈಜಾರುತ್ತಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಅದು ಬರೀ ಸ್ನಾಯುವಿನ ನೋವು ಆಗಿರಲಿಕ್ಕಿಲ್ಲ.