ಲಂಡನ್ ಬಸ್ಸಿನ ಮೆಟ್ಟಿಲು ಕಲಿಸಿದ ಪಾಠ



ಕಾಸರಗೋಡಿನಿಂದ ಊರಿಗೆ ಬರುವ ಸಂಜೆಯ ಬಸ್ಸನ್ನು ಒಮ್ಮೆ ನೆನಪಿಸಿಕೊಳ್ಳಿ. ಡ್ರೈವರಣ್ಣ ಕೂತಲ್ಲೇ ಕೂತಿರುತ್ತಾರೆ. ಕಂಡಕ್ಟರಣ್ಣ ಜನರ ನಡುವೆ ನುಸುಳುತ್ತಾ ಹಿಂದೆ ಮುಂದೆ ಓಡಾಡುತ್ತಾರೆ, ಸ್ಟಾಪ್ ಬಂದಾಗ ಇಳಿದು ಹತ್ತುತ್ತಾರೆ. ಒಂದೇ ಬಸ್ಸು, ಆದರೆ ಇಬ್ಬರ ದೇಹಕ್ಕೆ ಸಿಗುವ ಕೆಲಸ ಬೇರೆ. ಈ ವ್ಯತ್ಯಾಸದ ಹಿಂದೆ ಹೋದ ಒಬ್ಬ ವೈದ್ಯರ ಕಥೆಯನ್ನು ಇಂದು ಹೇಳುತ್ತೇವೆ.

ಅವರು ಬ್ರಿಟನ್ನಿನ ಜೆರ್ರಿ ಮಾರಿಸ್. ಎರಡನೇ ಮಹಾಯುದ್ಧದ ನಂತರ ಅಲ್ಲಿ ಹೃದಯಾಘಾತಗಳು ಹೆಚ್ಚುತ್ತಿದ್ದವು, ಕಾರಣ ಸ್ಪಷ್ಟವಿರಲಿಲ್ಲ. ಮಾಡುವ ಕೆಲಸಕ್ಕೂ ಇದಕ್ಕೂ ಸಂಬಂಧವಿರಬಹುದೇ ಎಂದು ಮಾರಿಸ್ ಮತ್ತು ಸಂಗಡಿಗರು ಹುಡುಕತೊಡಗಿದರು. ಲಂಡನ್ ಸಾರಿಗೆಯಲ್ಲಿ ದುಡಿಯುತ್ತಿದ್ದ 35ರಿಂದ 64 ವರ್ಷದ ಸುಮಾರು 31,000 ಗಂಡಸರ ದಾಖಲೆಗಳನ್ನು ಪರಿಶೀಲಿಸಿದರು.

ಅಲ್ಲಿಯದು ಡಬಲ್ ಡೆಕ್ಕರ್ ಬಸ್ಸು. ಡ್ರೈವರ್ ಪಾಳಿಯ ಹೆಚ್ಚಿನ ಹೊತ್ತು ಕೂತೇ ಇರುತ್ತಿದ್ದರು. ಟಿಕೆಟ್ ಕೊಡಲು ಕಂಡಕ್ಟರ್ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಿದ್ದರು. ಇಬ್ಬರೂ ಒಂದೇ ಬಗೆಯ ದುಡಿಯುವ ಕುಟುಂಬಗಳಿಂದ ಬಂದವರು. ಆದರೂ ವರ್ಷಕ್ಕೆ 1000 ಡ್ರೈವರುಗಳಲ್ಲಿ 2.7 ಮಂದಿಗೆ ಹೃದಯದ ಕಾಯಿಲೆ ಕಾಣಿಸಿಕೊಂಡರೆ, ಕಂಡಕ್ಟರುಗಳಲ್ಲಿ ಅದು 1.9. ಕಂಡಕ್ಟರುಗಳಿಗೆ ಬಂದ ಕಾಯಿಲೆಯ ತೀವ್ರತೆಯೂ ಕಡಿಮೆಯಿತ್ತು.

ಮಾರಿಸ್ ಅಷ್ಟಕ್ಕೇ ನಿಲ್ಲಿಸಲಿಲ್ಲ. ಅಂಚೆ ಇಲಾಖೆಯಲ್ಲೂ ನೋಡಿದರು. ನಡೆದು, ಸೈಕಲ್ ತುಳಿದು ಕಾಗದ ಹಂಚುವ ಪೋಸ್ಟ್‌ಮ್ಯಾನ್‌ಗಳು ಕೂತು ಕೆಲಸ ಮಾಡುವ ಗುಮಾಸ್ತರಿಗಿಂತ ಸುರಕ್ಷಿತವಾಗಿದ್ದರು. 1953ರಲ್ಲಿ ಈ ಅಧ್ಯಯನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ವಿಜ್ಞಾನ ಓದಿದ ನಮಗೆ ಮುಂದಿನ ಭಾಗ ಇನ್ನೂ ಇಷ್ಟ. ದಪ್ಪಗಿದ್ದವರೇ ಡ್ರೈವರ್ ಕೆಲಸಕ್ಕೆ ಸೇರಿದ್ದರೆ? ಆಗ ಕಾರಣ ಸೀಟು ಅಲ್ಲ, ಮೊದಲೇ ಇದ್ದ ಮೈತೂಕ. ಈ ಸಂಶಯವನ್ನು ಅವರೇ ಎತ್ತಿಕೊಂಡು, ಬಸ್ ಸಿಬ್ಬಂದಿಯ ಸಮವಸ್ತ್ರದ ಅಳತೆಗಳನ್ನು ಹುಡುಕಿ ತೆಗೆದರು. ಡ್ರೈವರುಗಳ ಪ್ಯಾಂಟಿನ ಸೊಂಟ ನಿಜಕ್ಕೂ ದೊಡ್ಡದಿತ್ತು. 1956ರಲ್ಲಿ ಅದನ್ನೂ ಮುಚ್ಚಿಡದೆ ಪ್ರಕಟಿಸಿದರು. ಆದರೆ ಸೊಂಟದ ಅಳತೆಯೊಂದರಿಂದಲೇ ಇಡೀ ವ್ಯತ್ಯಾಸವನ್ನು ವಿವರಿಸಲಾಗಲಿಲ್ಲ. ತಮ್ಮ ವಾದಕ್ಕೆ ತಾವೇ ಅಡ್ಡಪ್ರಶ್ನೆ ಹಾಕುವ ಈ ಪ್ರಾಮಾಣಿಕತೆಯನ್ನು ನಾವೂ ಕಲಿಯಬೇಕು.

ಇಲ್ಲಿ ಇನ್ನೊಂದು ಮಾತು. ಆ ಡ್ರೈವರುಗಳು ಸೋಮಾರಿಗಳಾಗಿರಲಿಲ್ಲ. ಮನೆಮಂದಿಗಾಗಿ ದಿನವಿಡೀ ದುಡಿದವರು ಅವರು. ನಮ್ಮ ಮನೆಗಳಲ್ಲೂ ಆಟೋ ಓಡಿಸುವ ಅಪ್ಪ, ಹೊಲಿಗೆ ಯಂತ್ರದ ಮುಂದೆ ಕೂರುವ ಅಮ್ಮ, ಕಂಪ್ಯೂಟರ್ ಎದುರು ದುಡಿಯುವ ಅಕ್ಕ ಇದ್ದಾರೆ. "ನೀವು ಸ್ವಲ್ಪ ನಡೆಯಬಾರದಾ?" ಎಂದು ಗದರಿಸುವ ಬದಲು, ಸಂಜೆ ಅವರ ಜೊತೆ ನಾವೇ ಹೊರಡೋಣ.

ಮಾರಿಸ್ 2009ರಲ್ಲಿ, 99ನೇ ವಯಸ್ಸಿನಲ್ಲಿ ತೀರಿಕೊಂಡರು. ಇಂದು ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ ಬೇಕು ಎನ್ನುತ್ತದೆ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ. ಇದಕ್ಕೆ ಜಿಮ್ಮಿನ ಫೀಸು ಬೇಕಿಲ್ಲ. ಆ ಕಂಡಕ್ಟರುಗಳೂ ಜಿಮ್ಮಿಗೆ ಹೋಗಿ ಮೆಟ್ಟಿಲು ಹತ್ತಿದವರಲ್ಲ, ಟಿಕೆಟ್ ಕೊಡಲು ಹತ್ತಿದವರು.

ನಮ್ಮ ಅಜ್ಜ ಅಜ್ಜಿಯರು ಗುಡ್ಡ ಇಳಿದು, ಗದ್ದೆಯ ಬದುವಿನಲ್ಲಿ ನಡೆದು ಭಾನುವಾರದ ಪೂಜೆಗೆ ಬರುತ್ತಿದ್ದರು. ನಾವು ಅರ್ಧ ಕಿಲೋಮೀಟರಿಗೂ ಬೈಕ್ ತೆಗೆಯುತ್ತೇವೆ. ಬರುವ ಭಾನುವಾರ ಹತ್ತಿರದ ಮನೆಯವರೆಲ್ಲ ಒಟ್ಟಾಗಿ ನಡೆದು ಬರೋಣವೇ? ದೂರದವರು ಒಂದು ಸ್ಟಾಪ್ ಮೊದಲೇ ಇಳಿಯಿರಿ. ಅಲ್ಲಿ ನಿಮಗಾಗಿ ಕಾಯುತ್ತೇವೆ.