ವೈದ್ಯಕೀಯ ಸೂಚಿಗಳಲ್ಲಿ ವ್ಯವಸ್ಥಿತ ಸಮೀಕ್ಷೆಗಳ ಅನ್ವೇಷಣೆ: ಒಂದು ಚಾರಿತ್ರಿಕ ವಿವೇಚನೆ

೧

ಒಂದು ಸಂಗತಿಯು ಅಚ್ಚಾಗಿರುವುದು ಬೇರೆ, ಬೇಕಾದವರ ಕೈಗೆ ಬೇಕಾದ ಹೊತ್ತಿನಲ್ಲಿ ಅದು ಸಿಕ್ಕುವುದು ಬೇರೆ. ಕಾವ್ಯ ಶಾಸನಗಳ ಅಧ್ಯಯನದಲ್ಲಿ ಈ ಅಂತರದಿಂದ ಆಗುವ ನಷ್ಟ ಪಾಂಡಿತ್ಯದ ನಷ್ಟ; ವೈದ್ಯಶಾಸ್ತ್ರದಲ್ಲಾದರೋ ಅದು ಪ್ರಾಣನಷ್ಟವೂ ಆಗಬಹುದು. ೨೦೦೧ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಉಬ್ಬಸರೋಗವನ್ನು ಕುರಿತು ನಡೆದ ಒಂದು ಪ್ರಯೋಗದಲ್ಲಿ ಹೆಕ್ಸಮೆಥೋನಿಯಮ್ ಎಂಬ ಔಷಧವನ್ನು ಉಸಿರಿನ ಮೂಲಕ ಸೇವಿಸಿದ ಆರೋಗ್ಯವಂತ ತರುಣಿಯೊಬ್ಬಳು ಶ್ವಾಸಕೋಶಗಳು ಕೆಟ್ಟು ಮೃತಳಾದಳು. ಆ ಔಷಧದಿಂದ ಶ್ವಾಸಕೋಶಕ್ಕೆ ಅಪಾಯವುಂಟೆಂಬ ವರದಿಗಳು ೧೯೫೦ರ ದಶಕದಲ್ಲಿಯೇ ಪ್ರಕಟವಾಗಿದ್ದುವು. ಆದರೆ ಪ್ರಯೋಗಕ್ಕೆ ಮುನ್ನ ಸಂಶೋಧಕರು ನೋಡಿದ ವಿದ್ಯುನ್ಮಾನ ಸೂಚಿಯಲ್ಲಿ ಆಗ ೧೯೬೬ರಿಂದ ಈಚಿನ ಲೇಖನಗಳು ಮಾತ್ರವೇ ದೊರೆಯುತ್ತಿದ್ದುವು. ತಿಳಿವಳಿಕೆ ಇತ್ತು, ಅದನ್ನು ತಲಪುವ ದಾರಿ ನಡುವೆ ಕಡಿದುಹೋಗಿತ್ತು.

ಇಂತಹ ಅನರ್ಥಗಳನ್ನು ತಪ್ಪಿಸುವ ಉದ್ದೇಶದಿಂದಲೇ ಕಳೆದ ಅರ್ಧ ಶತಮಾನದಲ್ಲಿ ಒಂದು ಹೊಸ ಬಗೆಯ ವೈದ್ಯಕೀಯ ಲೇಖನವು ರೂಪುಗೊಂಡಿತು. ಇಂಗ್ಲಿಷಿನಲ್ಲಿ ಅದನ್ನು ‘ಸಿಸ್ಟಮ್ಯಾಟಿಕ್ ರಿವ್ಯೂ’ ಎನ್ನುವರು. ನಾವು ‘ವ್ಯವಸ್ಥಿತ ಸಮೀಕ್ಷೆ’ ಎನ್ನೋಣ. ಒಂದು ಪ್ರಶ್ನೆಯನ್ನು ಸ್ಪಷ್ಟವಾಗಿ ಮುಂದಿಟ್ಟುಕೊಂಡು, ಅದಕ್ಕೆ ಸಂಬಂಧಪಟ್ಟ ಪ್ರಯೋಗಗಳೆಲ್ಲವನ್ನೂ ಹುಡುಕಿ, ಯಾವುದನ್ನು ಸೇರಿಸಿದೆವು, ಯಾವುದನ್ನು ಏಕೆ ಬಿಟ್ಟೆವು ಎಂಬುದನ್ನು ಬಹಿರಂಗವಾಗಿ ಹೇಳಿ, ಅವುಗಳ ಗುಣದೋಷಗಳನ್ನು ತೂಗಿ ನಿರ್ಣಯಕ್ಕೆ ಬರುವುದು ಇದರ ಲಕ್ಷಣ. ಹುಡುಕುವವರ ಶ್ರಮವನ್ನು ನೀಗಲೆಂದು ಹುಟ್ಟಿದ ಈ ಸಮೀಕ್ಷೆಯೇ ಸೂಚಿಗಳಲ್ಲಿ ಬಹುಕಾಲ ಹುಡುಕಿದರೆ ಸಿಕ್ಕದಂತೆ ಇದ್ದಿತೆಂಬುದು ವಿಚಿತ್ರವಾದರೂ ನಿಜ. ಅದಕ್ಕೆ ಕಾರಣವೇನು, ಆ ಕೊರತೆ ಹೇಗೆ ತುಂಬಿತು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸುವೆವು.

೨

ಹಿಂದಿನವರು ಬರೆದುದನ್ನೆಲ್ಲ ಒಟ್ಟುಗೂಡಿಸಿ ಪರೀಕ್ಷಿಸುವ ಕ್ರಮ ತೀರ ಹೊಸದಲ್ಲ. ೧೭೪೭ರಲ್ಲಿ ಹಡಗಿನ ಮೇಲೆ ಪ್ರಯೋಗ ನಡೆಸಿದ ಜೇಮ್ಸ್ ಲಿಂಡ್ ಎಂಬ ವೈದ್ಯನು ಸ್ಕರ್ವಿ ರೋಗವನ್ನು ಕುರಿತ ತನ್ನ ೧೭೫೩ರ ಗ್ರಂಥದಲ್ಲಿ ಅದುವರೆಗಿನ ಬರೆಹಗಳನ್ನು ಕಾಲಾನುಕ್ರಮವಾಗಿ ವಿಮರ್ಶಿಸಿದ್ದಾನೆ. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ವೈದ್ಯಪತ್ರಿಕೆಗಳು ಬೆಳೆದಂತೆಲ್ಲ ಒಬ್ಬನೇ ಎಲ್ಲವನ್ನೂ ಓದುವುದು ಅಸಾಧ್ಯವಾಯಿತು. ಅಮೆರಿಕದ ಸೇನಾವೈದ್ಯ ಜಾನ್ ಷಾ ಬಿಲ್ಲಿಂಗ್ಸನು ತನ್ನ ವಶದಲ್ಲಿದ್ದ ಸೈನ್ಯದ ವೈದ್ಯಗ್ರಂಥಾಲಯವನ್ನು ಆಧಾರವಾಗಿಟ್ಟುಕೊಂಡು ರಾಬರ್ಟ್ ಫ್ಲೆಚರನ ಸಹಾಯದಿಂದ ೧೮೭೯ರಲ್ಲಿ ‘ಇಂಡೆಕ್ಸ್ ಮೆಡಿಕಸ್’ ಎಂಬ ಮಾಸಿಕ ಸೂಚಿಯನ್ನು ಆರಂಭಿಸಿದನು. ಮರುವರ್ಷ ಆ ಗ್ರಂಥಾಲಯದ ಬೃಹತ್ ಸೂಚಿಯ ಮೊದಲ ಸಂಪುಟವೂ ಹೊರಬಂದಿತು. ನಡುವೆ ಹಲವು ರೂಪಾಂತರಗಳನ್ನು ಹೊಂದಿದ ಇಂಡೆಕ್ಸ್ ಮೆಡಿಕಸ್ ೨೦೦೪ರ ಕೊನೆಯವರೆಗೂ ಅಚ್ಚಾಗುತ್ತಿದ್ದಿತು.

ಬಿಲ್ಲಿಂಗ್ಸನ ಗ್ರಂಥಾಲಯವೇ ೧೯೫೬ರಲ್ಲಿ ಅಮೆರಿಕದ ರಾಷ್ಟ್ರೀಯ ವೈದ್ಯಗ್ರಂಥಾಲಯವೆಂಬ ಹೆಸರನ್ನು ಪಡೆಯಿತು. ೧೯೬೦ರಲ್ಲಿ ಅಲ್ಲಿನವರು ‘ಮೆಷ್’ ಎಂಬ ವಿಷಯಶೀರ್ಷಿಕೆಗಳ ಪಟ್ಟಿಯನ್ನು ಪ್ರಕಟಿಸಿದರು. ಒಂದು ರೋಗವನ್ನು ಲೇಖಕರು ಹತ್ತು ಹೆಸರುಗಳಿಂದ ಕರೆದರೂ ಸೂಚಿಯಲ್ಲಿ ಅದು ಒಂದೇ ಹೆಸರಿನ ಕೆಳಗೆ ಬರುವಂತೆ ಮಾಡುವುದು ಇದರ ಪ್ರಯೋಜನ. ೧೯೬೪ರಲ್ಲಿ ಗಣಕಯಂತ್ರವನ್ನು ಬಳಸುವ ‘ಮೆಡ್ಲಾರ್ಸ್’ ಏರ್ಪಾಟೂ, ೧೯೭೧ರಲ್ಲಿ ದೂರದಿಂದಲೇ ಪ್ರಶ್ನಿಸಬಹುದಾದ ‘ಮೆಡ್‌ಲೈನ್’ ದತ್ತಸಂಚಯವೂ ಬಂದುವು. ೧೯೯೭ರ ಜೂನ್ ತಿಂಗಳಿನಿಂದ ‘ಪಬ್‌ಮೆಡ್’ ಎಂಬ ಹೆಸರಿನಲ್ಲಿ ಅದು ಸರ್ವರಿಗೂ ಉಚಿತವಾಗಿ ತೆರೆಯಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಈ ಸೂಚಿಗಳೆಲ್ಲ ಲೇಖನವು ಯಾವುದನ್ನು ಕುರಿತದ್ದು ಎಂಬ ಪ್ರಶ್ನೆಗೆ ಸೊಗಸಾಗಿ ಉತ್ತರಿಸುತ್ತಿದ್ದುವು. ಲೇಖನವು ಎಂತಹುದು, ಯಾವ ವಿಧಾನದಿಂದ ಸಿದ್ಧವಾದದ್ದು ಎಂಬುದಕ್ಕೆ ಅವುಗಳಲ್ಲಿ ಹೆಚ್ಚಿನ ಉತ್ತರವಿರಲಿಲ್ಲ. ಸಮೀಕ್ಷಾಲೇಖನಗಳಿಗೆಂದೇ ೧೯೫೫ರಿಂದ ಒಂದು ಪ್ರತ್ಯೇಕ ಸೂಚಿ ಹೊರಡುತ್ತಿದ್ದುದುಂಟು. ಆದರೆ ಕ್ರಮಬದ್ಧವಾದ ಸಮೀಕ್ಷೆಗೂ ವಿದ್ವಾಂಸನೊಬ್ಬನು ತನಗೆ ತೋರಿದುದನ್ನು ಬರೆದ ಸಮೀಕ್ಷೆಗೂ ಅದರಲ್ಲಿ ಭೇದವಿರಲಿಲ್ಲ. ಆ ಭೇದದ ಅಗತ್ಯವನ್ನು ಆಗಿನ್ನೂ ವೈದ್ಯಲೋಕವೇ ಅರಿತಿರಲಿಲ್ಲ.

೩

ಆ ಅರಿವನ್ನು ಮೂಡಿಸಿದವರಲ್ಲಿ ಬ್ರಿಟನ್ನಿನ ಆರ್ಚಿ ಕಾಕ್ರನ್ ಪ್ರಮುಖರು. ೧೯೭೯ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ಅವರು, ಯಾದೃಚ್ಛಿಕ ಹಂಚಿಕೆಯ ಪ್ರಯೋಗಗಳ ಫಲಿತಾಂಶಗಳನ್ನೆಲ್ಲ ಆಯಾ ಶಾಖೆಯಲ್ಲಿ ಸಂಗ್ರಹಿಸಿ ಕಾಲಕಾಲಕ್ಕೆ ತಿದ್ದುತ್ತ ಇಡುವ ವ್ಯವಸ್ಥೆ ಇಲ್ಲದಿರುವುದು ವೈದ್ಯವೃತ್ತಿಗೇ ಒಂದು ಕಳಂಕವೆಂಬ ಅರ್ಥದ ಮಾತನ್ನಾಡಿದರು. ೧೯೮೭ರಲ್ಲಿ ಸಿಂಥಿಯಾ ಮಲ್ರೋ ಅವರು ನಾಲ್ಕು ಪ್ರತಿಷ್ಠಿತ ಪತ್ರಿಕೆಗಳಿಂದ ೫೦ ಸಮೀಕ್ಷಾಲೇಖನಗಳನ್ನು ಆರಿಸಿಕೊಂಡು, ವೈಜ್ಞಾನಿಕ ಕ್ರಮದ ಎಂಟು ಲಕ್ಷಣಗಳಿಗೆ ಅವು ಹೊಂದುವುವೇ ಎಂದು ಪರೀಕ್ಷಿಸಿದರು. ಎಂಟನ್ನೂ ಪೂರೈಸಿದ ಲೇಖನ ಒಂದೂ ಇರಲಿಲ್ಲ. ಆರನ್ನು ಪೂರೈಸಿದುದು ಒಂದೇ ಒಂದು.

ಇದರ ಪರಿಣಾಮವೇನೆಂಬುದನ್ನು ೧೯೯೨ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಹೃದಯಾಘಾತದಲ್ಲಿ ರಕ್ತದ ಹೆಪ್ಪನ್ನು ಕರಗಿಸುವ ಸ್ಟ್ರೆಪ್ಟೊಕೈನೇಸ್ ಔಷಧವನ್ನು ಕುರಿತು ೧೯೫೯ರಿಂದ ೧೯೮೮ರವರೆಗೆ ೩೩ ಪ್ರಯೋಗಗಳು ನಡೆದಿದ್ದುವು. ಅವುಗಳ ಫಲಿತಾಂಶಗಳನ್ನು ಒಂದರ ಮೇಲೊಂದರಂತೆ ಕೂಡಿಸುತ್ತ ಬಂದಾಗ, ೧೯೭೩ರ ವೇಳೆಗೆ, ಎಂದರೆ ೮ ಪ್ರಯೋಗಗಳು ಮುಗಿದು ೨,೪೩೨ ರೋಗಿಗಳ ವಿವರ ದೊರೆತ ಹೊತ್ತಿಗೇ, ಔಷಧವು ಸಾವನ್ನು ತಗ್ಗಿಸುವುದೆಂಬುದು ಸಿದ್ಧವಾಗಿದ್ದಿತೆಂದು ತಿಳಿದುಬಂದಿತು. ಆ ಬಳಿಕವೂ ಹದಿನೈದು ವರ್ಷ ಸಾವಿರಾರು ರೋಗಿಗಳನ್ನು ಔಷಧವಿಲ್ಲದ ಗುಂಪಿಗೆ ಹಾಕಿ ಪ್ರಯೋಗಗಳು ಮುಂದುವರಿದುವು. ಈ ಪ್ರಯೋಗಗಳು ಯಾವುವೂ ಗುಟ್ಟಾಗಿರಲಿಲ್ಲ. ಎಲ್ಲವನ್ನೂ ಒಂದೆಡೆ ತಂದು ಕೂಡಿಸಿ ನೋಡುವವರು ಇರಲಿಲ್ಲ, ಅಷ್ಟೆ.

ಕಾಕ್ರನ್‌ರ ಆಶಯವನ್ನು ಕಾರ್ಯರೂಪಕ್ಕೆ ತಂದವರು ಇಯಾನ್ ಚಾಮರ್ಸ್ ಮತ್ತು ಅವರ ಸಂಗಡಿಗರು. ಬಸಿರು ಬಾಣಂತನಗಳಿಗೆ ಸಂಬಂಧಿಸಿದ ಪ್ರಯೋಗಗಳನ್ನು ೧೯೭೦ರ ದಶಕದಿಂದಲೂ ಸಂಗ್ರಹಿಸಿ ೧೯೮೯ರಲ್ಲಿ ಎರಡು ಸಂಪುಟಗಳ ಮಹಾಗ್ರಂಥವೊಂದನ್ನು ಅವರು ಹೊರತಂದರು. ೧೯೯೨ರಲ್ಲಿ ಆಕ್ಸ್‌ಫರ್ಡಿನಲ್ಲಿ ಕಾಕ್ರನ್ ಕೇಂದ್ರವೂ, ೧೯೯೩ರಲ್ಲಿ ಅಂತರರಾಷ್ಟ್ರೀಯ ಕಾಕ್ರನ್ ಸಹಯೋಗ ಸಂಸ್ಥೆಯೂ ಸ್ಥಾಪಿತವಾದುವು.

೪

ಸಮೀಕ್ಷೆ ಬರೆಯಲು ಕುಳಿತವರಿಗೆ ಮೊದಲು ಎದುರಾದ ತೊಡಕು ಪ್ರಯೋಗಗಳನ್ನು ಹುಡುಕುವುದು. ಕೇ ಡಿಕರ್ಸಿನ್ ಮೊದಲಾದವರು ೧೯೯೪ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ನುರಿತವರು ಮೆಡ್‌ಲೈನನ್ನು ಶೋಧಿಸಿದರೂ ಇವೆಯೆಂದು ತಿಳಿದಿದ್ದ ಪ್ರಯೋಗಗಳಲ್ಲಿ ಸರಾಸರಿ ನೂರಕ್ಕೆ ೫೧ರಷ್ಟು ಮಾತ್ರವೇ ಸಿಕ್ಕುತ್ತಿದ್ದುವು. ಉಳಿದವುಗಳಲ್ಲಿ ಕೆಲವು ಆ ಸಂಚಯದಲ್ಲಿಯೇ ಇರಲಿಲ್ಲ. ಹಲವು ಅಲ್ಲಿದ್ದರೂ ಪ್ರಯೋಗವೆಂಬ ಹೆಸರನ್ನು ಪಡೆದಿರಲಿಲ್ಲ. ಯಾದೃಚ್ಛಿಕ ಪ್ರಯೋಗವನ್ನು ಒಂದು ಪ್ರಕಟಣಪ್ರಕಾರವೆಂದು ಗುರುತಿಸುವ ಪದ್ಧತಿ ಬಂದುದೇ ೧೯೯೧ರಲ್ಲಿ. ಆದಕಾರಣ ಕಾರ್ಯಕರ್ತರು ಹಳೆಯ ಪತ್ರಿಕೆಗಳನ್ನು ಪುಟಪುಟವಾಗಿ ತಿರುವಿ ನೋಡಿ ಪ್ರಯೋಗಗಳನ್ನು ಹೆಕ್ಕಿದರು. ಅವರು ಕೊಟ್ಟ ಪಟ್ಟಿಗಳ ಆಧಾರದಿಂದ ರಾಷ್ಟ್ರೀಯ ವೈದ್ಯಗ್ರಂಥಾಲಯವು ಹಳೆಯ ದಾಖಲೆಗಳಿಗೆ ಹೊಸ ಗುರುತು ಹಚ್ಚಿತು. ಓಲೆಗರಿಗಳನ್ನು ಒಂದೊಂದಾಗಿ ಬಿಡಿಸಿ ಸೂಚಿ ಮಾಡಿದ ನಮ್ಮ ಪೂರ್ವಸೂರಿಗಳ ಶ್ರಮಕ್ಕೆ ಇದು ಕಡಮೆಯದಲ್ಲ.

ಪ್ರಯೋಗಗಳಿಗೆ ಹೆಸರು ಬಂದರೂ ಸಮೀಕ್ಷೆಗಳಿಗೆ ಬರಲಿಲ್ಲ. ೧೯೭೬ರಲ್ಲಿ ಜೀನ್ ಗ್ಲಾಸ್ ಎಂಬವರು ಹಲವು ಅಧ್ಯಯನಗಳ ಅಂಕಿಗಳನ್ನು ಕೂಡಿಸುವ ಕ್ರಮಕ್ಕೆ ‘ಮೆಟಾ-ಅನಾಲಿಸಿಸ್’ ಎಂದು ಹೆಸರಿಟ್ಟಿದ್ದರು; ೧೯೯೩ರಲ್ಲಿ ಅದು ಒಂದು ಪ್ರಕಟಣಪ್ರಕಾರವಾಯಿತು. ಅಂಕಿಗಳನ್ನು ಕೂಡಿಸದ ವ್ಯವಸ್ಥಿತ ಸಮೀಕ್ಷೆಗಳಾದರೋ ‘ರಿವ್ಯೂ’ ಎಂಬ ವಿಶಾಲವಾದ ಹೆಸರಿನ ಕೆಳಗೆ, ಸಾಮಾನ್ಯ ಲೇಖನಗಳ ರಾಶಿಯಲ್ಲಿ ಹುದುಗಿದುವು.

ಈ ಕೊರತೆಯನ್ನು ವಿದ್ವಾಂಸರು ಎರಡು ಬಗೆಯಲ್ಲಿ ನೀಗಿಸಲು ಯತ್ನಿಸಿದರು. ಒಂದನೆಯದು, ಪ್ರತ್ಯೇಕ ಭಂಡಾರಗಳನ್ನು ಕಟ್ಟುವುದು. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾನಿಲಯದಲ್ಲಿ ೧೯೯೪ರಿಂದ ಸಿದ್ಧವಾದ ‘ಡೇರ್’ ಎಂಬ ಸಂಚಯದಲ್ಲಿ ಸಮೀಕ್ಷೆಗಳನ್ನು ಹುಡುಕಿ, ಗುಣಪರೀಕ್ಷೆ ಮಾಡಿ, ಸಾರಾಂಶದೊಡನೆ ಇಡುತ್ತಿದ್ದರು. ಸರ್ಕಾರದ ಧನಸಹಾಯ ನಿಂತುದರಿಂದ ೨೦೧೫ರಲ್ಲಿ ಅದಕ್ಕೆ ಹೊಸ ದಾಖಲೆಗಳ ಸೇರ್ಪಡೆ ನಿಂತಿತು. ಎರಡನೆಯದು, ‘ಶೋಧಕಜಾಲರಿ’ ಎನ್ನಬಹುದಾದ ಪದಪುಂಜಗಳನ್ನು ರಚಿಸುವುದು. ಹೆಸರಿಲ್ಲದ ಬರೆಹವನ್ನು ಅದರ ಮಾತಿನ ಚಹರೆಯಿಂದ ಗುರುತಿಸಬೇಕೆಂಬುದು ಇದರ ತತ್ತ್ವ. ವ್ಯವಸ್ಥಿತ ಸಮೀಕ್ಷೆ ಬರೆದವರು ತಾವು ಮೆಡ್‌ಲೈನನ್ನು ಶೋಧಿಸಿದೆವೆಂದು ಸಾರಾಂಶದಲ್ಲಿ ಹೇಳದೆ ಇರಲಾರರು. ಆದುದರಿಂದ ‘ಮೆಡ್‌ಲೈನ್’ ಎಂಬ ಶಬ್ದವೇ ಅವರ ಲೇಖನಕ್ಕೆ ಕೈಮರವಾಗುತ್ತದೆ. ಷೋಜಾನಿಯಾ ಮತ್ತು ಬೀರೊ ೨೦೦೧ರಲ್ಲಿಯೂ, ಕೆನಡದ ಮೆಕ್‌ಮಾಸ್ಟರ್ ವಿಶ್ವವಿದ್ಯಾನಿಲಯದ ಸಂಶೋಧಕರು ೨೦೦೫ರಲ್ಲಿಯೂ ಇಂತಹ ಜಾಲರಿಗಳನ್ನು ಪ್ರಕಟಿಸಿದರು. ಮೆಕ್‌ಮಾಸ್ಟರಿನವರು ೧೬೧ ಪತ್ರಿಕೆಗಳ ೨೦೦೦ನೆಯ ಇಸವಿಯ ಸಂಚಿಕೆಗಳನ್ನು ಕಣ್ಣಾರೆ ಓದಿ, ನಿಜವಾದ ಸಮೀಕ್ಷೆಗಳಾವುವೆಂದು ಮೊದಲು ನಿಶ್ಚಯಿಸಿಕೊಂಡು, ಆಮೇಲೆ ತಮ್ಮ ಪದಪುಂಜಗಳು ಅವುಗಳಲ್ಲಿ ಎಷ್ಟನ್ನು ಹಿಡಿದುವೆಂದು ಅಳೆದರು.

ಜಾಲರಿಯ ಕಣ್ಣು ಸಣ್ಣದಾದರೆ ಬೇಡದುದೂ ತುಂಬಿಕೊಳ್ಳುವುದು. ದೊಡ್ಡದಾದರೆ ಬೇಕಾದುದೂ ಜಾರಿಹೋಗುವುದು. ಸಮೀಕ್ಷಕನಿಗೆ ಮೊದಲನೆಯದೇ ಲೇಸು, ರೋಗಿಯ ಪಕ್ಕದಲ್ಲಿ ನಿಂತ ವೈದ್ಯನಿಗೆ ಎರಡನೆಯದು. ಇಬ್ಬರಿಗೂ ಒಂದೇ ಜಾಲರಿ ಒಪ್ಪದೆಂಬುದು ಈ ಅಧ್ಯಯನಗಳಿಂದ ಸ್ಪಷ್ಟವಾಯಿತು.

೫

ಕೊನೆಗೆ ೨೦೧೯ರಲ್ಲಿ ‘ಸಿಸ್ಟಮ್ಯಾಟಿಕ್ ರಿವ್ಯೂ’ ಎಂಬುದು ಮೆಷ್ ಪಟ್ಟಿಯಲ್ಲಿ ಸ್ವತಂತ್ರ ಪ್ರಕಟಣಪ್ರಕಾರವಾಗಿ ಸೇರಿತು. ಹಳೆಯ ದಾಖಲೆಗಳಿಗೂ ಅದನ್ನು ಹಿಂದಿನಿಂದ ಅನ್ವಯಿಸಿದರು. ಕಾಕ್ರನ್‌ರ ಪ್ರಬಂಧಕ್ಕೆ ಆಗ ನಲವತ್ತು ವರ್ಷ. ಆದರೆ ಹೆಸರು ಬಂದ ಮಾತ್ರಕ್ಕೆ ಹಿಂದಿನವೆಲ್ಲವೂ ಆ ಹೆಸರನ್ನು ತಪ್ಪದೆ ಪಡೆದುವೆಂದು ನಂಬುವಂತಿಲ್ಲ. ಮೆಡ್‌ಲೈನಿನ ಸೂಚೀಕರಣವನ್ನು ೨೦೨೨ರಿಂದ ಬಹುಮಟ್ಟಿಗೆ ಯಂತ್ರಕ್ಕೇ ಒಪ್ಪಿಸಲಾಗಿದೆ. ಆದುದರಿಂದ ಇಂದಿನ ಶೋಧಕನು ಪ್ರಕಾರದ ಹೆಸರನ್ನೂ ಪದಪುಂಜವನ್ನೂ ಜೊತೆಯಾಗಿ ಬಳಸಬೇಕು. ಒಂದೇ ಸಂಚಯದಲ್ಲಿ ನಿಲ್ಲದೆ ಕಾಕ್ರನ್ ಗ್ರಂಥಭಂಡಾರವನ್ನೂ ಎಂಬೇಸ್ ಸಂಚಯವನ್ನೂ ನೋಡಬೇಕು. ನಡೆಯುತ್ತಿರುವ ಸಮೀಕ್ಷೆಗಳಿಗಾಗಿ ೨೦೧೧ರಲ್ಲಿ ಆರಂಭವಾದ ‘ಪ್ರಾಸ್ಪೆರೊ’ ನೋಂದಣಿಯನ್ನು ವಿಚಾರಿಸಬೇಕು. ಬರೆಯುವವರಿಗೂ ಇಲ್ಲಿ ಒಂದು ಹೊಣೆಯುಂಟು: ಸಮೀಕ್ಷೆಯು ಸಮೀಕ್ಷೆಯೆಂದು ತನ್ನ ಶೀರ್ಷಿಕೆಯಲ್ಲಿಯೇ ಹೇಳಿಕೊಳ್ಳಬೇಕೆಂದು ೨೦೦೯ರ ‘ಪ್ರಿಸ್ಮಾ’ ನಿಯಮಾವಳಿ ವಿಧಿಸಿದೆ.

ಭಾರತದಲ್ಲಿಯೂ ಈ ವಿಷಯ ಅಪರಿಚಿತವಾಗಿರಲಿಲ್ಲ. ನಮ್ಮ ವೈದ್ಯಪತ್ರಿಕೆಗಳಲ್ಲಿ ಬಹುಪಾಲು ಮೆಡ್‌ಲೈನಿನಲ್ಲಿ ಸೇರದ ಕಾರಣ ಅವುಗಳಿಗಾಗಿ ‘ಇಂಡ್‌ಮೆಡ್’ ಎಂಬ ಸಂಚಯವನ್ನು ಕೇಂದ್ರ ಸರ್ಕಾರದ ಆಶ್ರಯದಲ್ಲಿ ನಿರ್ಮಿಸಲಾಯಿತು. ೨೦೦೭ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ದೇಶದ ಸಮಸ್ತ ವಾಚಕರ ಪರವಾಗಿ ಕಾಕ್ರನ್ ಭಂಡಾರಕ್ಕೆ ಚಂದಾ ತೆತ್ತಿತು. ಇನ್ನೂ ಹಿಂದಕ್ಕೆ ಹೋದರೆ, ೧೯೩೩ರಲ್ಲಿ ಕೋಲನ್ ವರ್ಗೀಕರಣವನ್ನು ಪ್ರಕಟಿಸಿ ೧೯೬೨ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿಯ ಕೇಂದ್ರವನ್ನು ಕಟ್ಟಿದ ಎಸ್. ಆರ್. ರಂಗನಾಥನ್ ಅವರು, ಒಂದು ವೈದ್ಯಕೀಯ ವಿಷಯವನ್ನು ಅಂಗ, ರೋಗ, ಚಿಕಿತ್ಸೆ ಎಂಬ ಮುಖಗಳಾಗಿ ಬಿಡಿಸುವುದನ್ನು ಕಲಿಸಿದ್ದರು. ರೋಗಿ, ಚಿಕಿತ್ಸೆ, ಹೋಲಿಕೆ, ಫಲ ಎಂದು ಪ್ರಶ್ನೆಯನ್ನು ನಾಲ್ಕಾಗಿ ಬಿಡಿಸುವ ಈಗಿನ ಶೋಧನಕ್ರಮವು ಅವರಿಂದಲೇ ಬಂದಿತೆಂದು ನಾವು ಹೇಳುವುದಿಲ್ಲ. ಎರಡರ ಹಿಂದೆಯೂ ಇರುವ ಬುದ್ಧಿ ಒಂದೇ ಜಾತಿಯದು.

ಒಟ್ಟಿನಲ್ಲಿ ಈ ಇತಿಹಾಸದಿಂದ ತಿಳಿಯುವುದು ಇಷ್ಟು. ಸೂಚೀಕಾರನ ಕೆಲಸವನ್ನು ಗುಮಾಸ್ತನ ಕೆಲಸವೆಂದು ಲಘುವಾಗಿ ಎಣಿಸುವುದು ವಿದ್ವಾಂಸರಲ್ಲಿಯೂ ಉಂಟು. ಆದರೆ ಸಂಶೋಧಕನು ಕಂಡುದು ಲೋಕಕ್ಕೆ ದಕ್ಕುವುದು ಸೂಚೀಕಾರನು ಅದಕ್ಕೆ ತಕ್ಕ ಹೆಸರನ್ನು ಕೊಟ್ಟ ಮೇಲೆಯೇ. ವಿದ್ಯಾರ್ಥಿಯು ಸೂಚಿಯಲ್ಲಿ ಏನೂ ಸಿಕ್ಕಲಿಲ್ಲವೆಂದು ಹೇಳುವ ಮೊದಲು, ಆ ಸೂಚಿ ಯಾವ ವರ್ಷದಿಂದ ಆರಂಭವಾಗುವುದು, ಅದರೊಳಗೆ ಏನು ಸೇರಿಲ್ಲ, ತಾನು ಹುಡುಕುವ ವಸ್ತುವಿಗೆ ಅಲ್ಲಿ ಹೆಸರು ಬಂದುದು ಯಾವಾಗ ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಬಾಲ್ಟಿಮೋರಿನಲ್ಲಿ ಇವುಗಳಲ್ಲಿ ಮೊದಲನೆಯದೊಂದನ್ನು ಕೇಳಿಕೊಂಡಿದ್ದರೂ ಅರ್ಧ ಶತಮಾನದ ಹಿಂದಿನ ಎಚ್ಚರಿಕೆಯ ಮಾತು ಕಿವಿಗೆ ಬೀಳುವ ಸಂಭವವಿದ್ದಿತು.