ತಕಲಿ ಹಿಡಿದ ಪುಟ್ಟ ಕೈಗಳು

ಶಾಲೆಯಲ್ಲಿ ಮಗು ಮಣ್ಣು ಕಲಸಿದರೆ, ಬಣ್ಣ ಬಳಿದರೆ, ನೂಲು ತೆಗೆದರೆ ಅದನ್ನು ನಾವು ಪಾಠದ ನಡುವಿನ ಬಿಡುವೆಂದೇ ತಿಳಿಯುತ್ತೇವೆ. ಅದೇ ಪಾಠವೆಂದು ಹೇಳಿದವರು ನಮ್ಮ ದೇಶದಲ್ಲೇ ಇದ್ದರು. ಡಾ. ಜಾಕಿರ್ ಹುಸೇನರನ್ನು ನಾವು ರಾಷ್ಟ್ರಪತಿಯಾಗಿ ನೆನೆಯುತ್ತೇವೆ. ಮೇಷ್ಟ್ರಾಗಿ ನೆನೆಯುವುದು ಕಡಿಮೆ.

ಬರ್ಲಿನ್‌ನಲ್ಲಿ ಡಾಕ್ಟರೇಟ್ ಪಡೆದು 1926ರಲ್ಲಿ ಮರಳಿದ ಅವರು, ಹಣವಿಲ್ಲದೆ ಸೊರಗಿದ್ದ ಜಾಮಿಯಾ ಮಿಲ್ಲಿಯಾದ ಹೊಣೆ ಹೊತ್ತರು. ಕೈಕೆಲಸದಿಂದಲೇ ಬುದ್ಧಿ ಬೆಳೆಯುತ್ತದೆಂಬ ಜರ್ಮನ್ ಶಿಕ್ಷಣತಜ್ಞ ಕೆರ್ಶೆನ್‌ಸ್ಟೈನರ್ ಅವರ ವಿಚಾರ ಅವರ ಮನಸ್ಸಿನಲ್ಲಿ ನೆಟ್ಟಿತ್ತು. ಜರ್ಮನಿಯಿಂದ ಬಂದ ಗೆರ್ಡಾ ಫಿಲಿಪ್ಸ್‌ಬಾರ್ನ್ ಎಂಬ ಯಹೂದಿ ಮಹಿಳೆ ಜಾಮಿಯಾದ ಪುಟ್ಟ ಮಕ್ಕಳಿಗೆ 'ಆಪಾಜಾನ್' ಆದರು. 1943ರಲ್ಲಿ ತೀರಿಕೊಂಡ ಅವರು ಮಲಗಿರುವುದು ಜಾಮಿಯಾದ ಖಬರಸ್ಥಾನದಲ್ಲೇ. ಇಂಥ ಸಂಗತಿಗಳು ನಮ್ಮ ಪಠ್ಯಪುಸ್ತಕಕ್ಕೆ ಬರುವುದಿಲ್ಲ.

1937ರ ಅಕ್ಟೋಬರ್‌ನಲ್ಲಿ ಗಾಂಧೀಜಿ ವಾರ್ಧಾದಲ್ಲಿ ಶಿಕ್ಷಣ ಸಮ್ಮೇಳನ ಕರೆದರು. ಪಠ್ಯಕ್ರಮ ರೂಪಿಸುವ ಸಮಿತಿಗೆ ಜಾಕಿರ್ ಹುಸೇನರೇ ಅಧ್ಯಕ್ಷರು. ಸಮಿತಿ ಕೊಟ್ಟ ವೇಳಾಪಟ್ಟಿ ನೋಡಿದರೆ ಇಂದಿಗೂ ಬೆರಗಾಗುತ್ತದೆ: ದಿನದ ಐದೂವರೆ ಗಂಟೆಯಲ್ಲಿ 3 ಗಂಟೆ 20 ನಿಮಿಷ ಕಸುಬಿಗೆ, ಮಾತೃಭಾಷೆಗೆ 40 ನಿಮಿಷ. ಹಾಗಾದರೆ ಉಳಿದ ಪಾಠ? ಅದೂ ಆದಷ್ಟು ಕಸುಬಿನೊಂದಿಗೇ ಹೆಣೆದುಕೊಂಡಿರಬೇಕಿತ್ತು. ತಕಲಿ ತಿರುಗಿಸುವ ಮಗು ನೂಲಿನ ಉದ್ದ ಅಳೆದು, ತೂಕ ನೋಡಿ ಲೆಕ್ಕ ಕಲಿಯುತ್ತದೆ. ಹತ್ತಿ ಬೆಳೆಯುವುದು ಯಾವ ಮಣ್ಣಿನಲ್ಲಿ ಎಂದರೆ ಭೂಗೋಳ. ಊರ ನೇಕಾರನ ಮಗ್ಗ ನಿಂತದ್ದೇಕೆ ಎಂದು ಕೇಳಿದರೆ ಮ್ಯಾಂಚೆಸ್ಟರಿನ ಗಿರಣಿಗಳವರೆಗೂ ಇತಿಹಾಸ ಬಿಚ್ಚಿಕೊಳ್ಳುತ್ತದೆ. ಅಕ್ಷರ ಕಲಿತವನು ಕೈಕೆಲಸ ಮಾಡುವವನನ್ನು ಕೀಳಾಗಿ ಕಾಣುವ ನಾಡಿನಲ್ಲಿ ಇದು ಸಣ್ಣ ಮಾತಾಗಿರಲಿಲ್ಲ.

ಆದರೆ ತಕರಾರು ಅಲ್ಲಿಯೇ ಹುಟ್ಟಿತು. ಮಕ್ಕಳು ತಯಾರಿಸಿದ್ದನ್ನು ಮಾರಿ ಶಾಲೆಯ ಖರ್ಚು ತೂಗಿಸಬೇಕೆಂಬುದು ಗಾಂಧೀಜಿಯ ಆಸೆ. ಅರ್ಥಶಾಸ್ತ್ರಜ್ಞ ಕೆ.ಟಿ. ಷಾ ಒಪ್ಪಲಿಲ್ಲ. ಗಳಿಕೆಗೆ ಹೆಚ್ಚು ಒತ್ತು ಬಿದ್ದರೆ ಕಲಿಕೆ ಸಾಯುತ್ತದೆಂದು ಸಮಿತಿಯ ವರದಿಯೂ ಎಚ್ಚರಿಸಿತ್ತು. ನಮಗೆ ಆ ಎಚ್ಚರಿಕೆಯೇ ವರದಿಯ ಜೀವಾಳವೆನಿಸುತ್ತದೆ. ಮುಸ್ಲಿಂ ಲೀಗ್ ಬೇರೆ ಕಾರಣಗಳಿಗೆ ಯೋಜನೆಯನ್ನು ವಿರೋಧಿಸಿತು. ಆ ಜಗಳದಲ್ಲಿ ಮಕ್ಕಳ ಮಾತು ಹಿಂದೆ ಬಿತ್ತು.

ಕಸುಬಿತ್ತು, ಕಲೆ? ಆ ಕೊರತೆ ತುಂಬಿದವರು ಶಾಂತಿನಿಕೇತನದಲ್ಲಿ ಕಲಿತ ದೇವಿಪ್ರಸಾದ್. 1944ರಲ್ಲಿ ಸೇವಾಗ್ರಾಮಕ್ಕೆ ಬಂದ ಅವರು ಮಕ್ಕಳ ಕೈಗೆ ಬಣ್ಣ, ಜೇಡಿಮಣ್ಣು ಕೊಟ್ಟರು. ತಾವು ಹೇಳಿದ್ದನ್ನು ಮಕ್ಕಳು ಬಿಡಿಸಲಿ ಎಂದಲ್ಲ, ಕಂಡದ್ದನ್ನು ಬಿಡಿಸಲಿ ಎಂದು. ಆ ಅನುಭವವನ್ನು ಮುಂದೆ ಪುಸ್ತಕವಾಗಿಸಿದರು.

ಸ್ವಾತಂತ್ರ್ಯಾನಂತರ ಎಷ್ಟೋ ಶಾಲೆಗಳು ಬೋರ್ಡು ಬದಲಿಸಿ 'ಮೂಲಶಿಕ್ಷಣ'ದ ಶಾಲೆಗಳಾದವು. ತಕಲಿ ಉಳಿಯಿತು, ಅದರೊಳಗಿನ ಲೆಕ್ಕ, ಭೂಗೋಳ ಹೋಯಿತು. ಇಂಗ್ಲಿಷ್ ಶಾಲೆಯ ಮಕ್ಕಳು ಆಫೀಸು ಸೇರುವುದನ್ನು ಕಂಡ ಬಡವರು, ನಮ್ಮ ಮಕ್ಕಳಿಗಷ್ಟೇ ಏಕೆ ನೂಲು ಎಂದು ಕೇಳಿದ್ದರಲ್ಲಿ ತಪ್ಪಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೆಲಸವನ್ನೂ ಕಲೆಯನ್ನೂ ಮತ್ತೆ ಪಾಠದೊಳಗೆ ತರಬೇಕೆಂದಿತು. ಬಹಳಷ್ಟು ಶಾಲೆಗಳಿಗೆ ಅದು ಬಂದದ್ದು ವಾರಕ್ಕೊಂದೆರಡು ಪೀರಿಯಡ್ ಆಗಿ. ಗಣಿತದ ಪೋರ್ಷನ್ ಮುಗಿಯದಿದ್ದರೆ ಅದೂ ಗಣಿತದ ಮೇಷ್ಟ್ರ ಪಾಲು.